ಪಕ್ಕದ್ದನ್ನು ಕೇಳುವ ಮನುಷ್ಯ

ನಮ್ಮ ಮನೆಯ ಗರಾಜಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಬಲ್ಬಿಲ್ಲದ ಆರು ಟೇಬಲ್ ಲ್ಯಾಂಪುಗಳು, ಬೆಣ್ಣೆ ಕಡೆಯುವ ಒಂದು ಮರದ ಪೀಪಾಯಿ, ಒಂದು ಕಾಲು ಕಳೆದುಕೊಂಡ ಪಿಯಾನೋ ಸ್ಟೂಲು, ಯಾರದೋ ಮುತ್ತಜ್ಜನ ಕಟ್ಟು ಹಾಕಿಸಿದ ಫೋಟೋ, ಎಲ್ಲ ಅಲ್ಲಿ ಠಿಕಾಣಿ ಹೂಡಿವೆ. ಇವುಗಳಲ್ಲಿ ಒಂದನ್ನೂ ನಾನು ಬೇಕೆಂದು ಕೊಂಡವಳಲ್ಲ. ಕೊಳ್ಳುವಂತೆ ಮಾಡಿದವರು ಹೋದ ತಿಂಗಳು ತೀರಿಕೊಂಡರು. ತೀರಿಕೊಂಡವರ ಮೇಲೆ ಸಿಟ್ಟಾಗಬಾರದೆಂದು ನನಗೂ ಗೊತ್ತು. ಆದರೆ ಅವರು ಇದ್ದಾಗ ಮುಗಿಯದೆ ಉಳಿದ ಸಿಟ್ಟು ಅದು, ಏನು ಮಾಡಲಿ.

ಅವರ ಹೆಸರು ಬರೆಯುವುದಿಲ್ಲ, ನಮಗೆಲ್ಲ ಅವರು ಅಂಕಲ್. ಅಮೆರಿಕದ ಶಾರ್ಲಟ್ ನಗರದ ಬ್ಯಾಲಂಟೈನ್‌ನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಮೂಲ ಮೈಸೂರು. ಹುಡುಗರಾಗಿದ್ದಾಗ ಲಂಡನ್ನಿನಲ್ಲಿ ಕೆಲವು ವರ್ಷ, ಆಮೇಲೆ ವಾಷಿಂಗ್ಟನ್ ಹತ್ತಿರ ಮೇರಿಲ್ಯಾಂಡ್‌ನ ಒಂದು ಕೌಂಟಿ ಆಫೀಸಿನಲ್ಲಿ ಇಡೀ ಸರ್ವಿಸು, ರಿಟೈರಾದ ಮೇಲೆ ಮಗನಿಗೆ ಹತ್ತಿರವಾಗಲೆಂದು ಶಾರ್ಲಟ್. ನಾವು ಈ ಬೀದಿಗೆ ಬಂದ ಮೊದಲ ವಾರವೇ ಅವರ ಪರಿಚಯವಾಯಿತು. ಜುಲೈ ತಿಂಗಳ ಕುದಿಯುವ ಬಿಸಿಲಲ್ಲಿ ನೀಲಿ ಬ್ಲೇಜರ್ ತೊಟ್ಟು, ಜೇಬಿನಲ್ಲಿ ರೇಷ್ಮೆ ಕರ್ಚೀಫು ಸಿಕ್ಕಿಸಿಕೊಂಡು, ಒಂದು ಡಬ್ಬ ಪುಳಿಯೋಗರೆ ಗೊಜ್ಜು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ವೆಲ್‌ಕಮ್" ಎಂದರು, ಬ್ರಿಟಿಷ್ ರಾಗದಲ್ಲಿ. ಆಮೇಲೆ ತಗ್ಗಿದ ದನಿಯಲ್ಲಿ, "ಪಕ್ಕದ ಮನೆಯವರ ಹತ್ರ ಜಾಸ್ತಿ ಮಾತಾಡ್ಬೇಡಮ್ಮ, ಅವರು ಯಾರು ಅಂತ ನಾನಿನ್ನೂ ಪೂರ್ತಿ ತಿಳ್ಕೊಂಡಿಲ್ಲ" ಎಂದರು. ಪಕ್ಕದ ಮನೆಯಲ್ಲಿದ್ದದ್ದು ಎಂಬತ್ತು ದಾಟಿದ ಇಬ್ಬರು ಅಕ್ಕತಂಗಿಯರು ಮತ್ತು ಅವರ ಬೆಕ್ಕು.

ಶಾರ್ಲಟ್‌ನ ನಮ್ಮ ಜನರಿಗೆಲ್ಲ ತಿಳಿದ ವಿಷಯವೆಂದರೆ ಅಂಕಲ್ ಲಂಡನ್ನಿನಲ್ಲಿ ಆಂಟಿಕ್, ಅಂದರೆ ಹಳೆಯ ಅಪರೂಪದ ವಸ್ತುಗಳ ವ್ಯಾಪಾರ ಮಾಡುತ್ತಿದ್ದರು ಎಂಬುದು. ಮನೆಗೊಂದು ಅಡುಗೆ ತಂದು ಉಣ್ಣುವ ಯುಗಾದಿಯ ಪಾಟ್‌ಲಕ್ಕಿನಲ್ಲಿ ಯಾರಾದರೂ ಕೇಳಿದರೆ ಸಾಕು, "ಸಣ್ಣ ಅಂಗಡಿ, ಆದ್ರೆ ದೊಡ್ಡ ದೊಡ್ಡೋರು ಬರ್ತಿದ್ರು" ಎನ್ನುವರು. ಸ್ವಲ್ಪ ತಡೆದು, "ಅದು ಬಿಟ್ಟು ಬೇರೆ ಕೆಲಸಾನೂ ಇತ್ತು. ಅದನ್ನೆಲ್ಲ ಹೇಳೋ ಹಾಗಿಲ್ಲ" ಎಂದು ಪಾಯಸದ ಕಪ್ಪಿನೊಳಗೆ ನೋಡಿ ನಗುವರು. ಕೇಳಿದವರಿಗೆ ಪಾಯಸ ಇಳಿಯುತ್ತಿರಲಿಲ್ಲ. ಪಕ್ಕದಲ್ಲಿದ್ದ ಅವರ ಹೆಂಡತಿ, ನಮ್ಮ ಆಂಟಿ, "ಏನೂ ಇಲ್ಲ, ಊಟ ಮಾಡಿ" ಎನ್ನುತ್ತಿದ್ದರು.

ಇದೆಲ್ಲಕ್ಕೂ ಬೇರು ಒಂದು ಹಳೆಯ ಟೀವಿ ಸೀರಿಯಲ್. ಅದರ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗಿ ನೋಡುತ್ತೀರಿ, ಆ ಪಾಪ ನನಗೆ ಬೇಡ. ಅರವತ್ತರ ದಶಕದ ಬ್ರಿಟಿಷ್ ಸಾಹಸ ಕಥೆ. ನಾಯಕ ಊರಿನವರ ಕಣ್ಣಿಗೆ ಸಿರಿವಂತ ಆಂಟಿಕ್ ವ್ಯಾಪಾರಿ, ಒಳಗೆ ಸರ್ಕಾರದ ಗೂಢಚಾರ. ಹೂದಾನಿ ಕೊಳ್ಳುವ ನೆಪದಲ್ಲಿ ದೇಶದೇಶ ತಿರುಗುತ್ತಾನೆ, ದುಷ್ಟರ ಬಂಗಲೆಗೆ ಮುಂಬಾಗಿಲಿನಿಂದಲೇ ನುಗ್ಗುತ್ತಾನೆ, ನಾಲ್ಕು ಜನರನ್ನು ಕೆಡವಿ ಟೈ ಸರಿಮಾಡಿಕೊಂಡು ವಾಪಸಾಗುತ್ತಾನೆ. ಅಂಕಲ್ ಬಳಿ ಅದರ ಎಲ್ಲ ಕಂತುಗಳ ಡಿವಿಡಿ ಇತ್ತು. ಶನಿವಾರ ಸಂಜೆ ಕಾಫಿಗೆಂದು ಕರೆದು, ತಪ್ಪಿಸಿಕೊಳ್ಳಲಾಗದಂತೆ ಸೋಫಾದ ಒಳಮೂಲೆಯಲ್ಲಿ ಕೂರಿಸಿ ತೋರಿಸುವರು. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, "ಈಗ ಬಟ್ಲರ್ ಕೈಲಿ ಏನಿತ್ತು ಹೇಳು?" ಎಂದು ಪರೀಕ್ಷೆ ಮಾಡುವರು. ಒಮ್ಮೆ ನಾನು, "ಅಂಕಲ್, ಮೂರು ಎಪಿಸೋಡಲ್ಲೂ ಅದೇ ಬಿಳಿ ಕಾರು ಅದೇ ಬೆಟ್ಟದಿಂದ ಬೀಳ್ತಿದೆಯಲ್ಲ" ಎಂದೆ. ಒಂದು ವಾರ ನನ್ನೊಂದಿಗೆ ಮಾತು ಬಿಟ್ಟರು.

ಆ ನಾಯಕ ವ್ಯಾಪಾರಿಯ ವೇಷ ಹಾಕಿದ ಗೂಢಚಾರ. ನಮ್ಮ ಅಂಕಲ್ ಆ ವೇಷಧಾರಿಯ ವೇಷ ಹಾಕಿಕೊಂಡು ಇಂಡಿಯನ್ ಅಂಗಡಿಯ ತರಕಾರಿ ಸಾಲಿನಲ್ಲಿ ಓಡಾಡುತ್ತಿದ್ದರು. ಫೋನು ಮಾಡಿದರೆ ಹೆಸರು ಹೇಳುತ್ತಿರಲಿಲ್ಲ. "ಲೈನ್ ಸೇಫಾ?" ಎಂಬುದೇ ಮೊದಲ ಮಾತು. ನಾನು ಆಫೀಸಿನ ಮೀಟಿಂಗಿನ ನಡುವೆ ಗಾಬರಿಯಿಂದ ಎದ್ದುಹೋಗಿ, "ಹೇಳಿ ಅಂಕಲ್, ಏನಾಯ್ತು?" ಎಂದರೆ, "ನಿಮ್ಮ ಗಿಡದಲ್ಲಿ ಕರಿಬೇವು ಚಿಗುರಿದೆಯಾ?" ಕಾರನ್ನು ಯಾವಾಗಲೂ ಹೋಗಬೇಕಾದ ಜಾಗದಿಂದ ಎರಡು ಬೀದಿ ಆಚೆ ನಿಲ್ಲಿಸುವರು. ಡೆಂಟಿಸ್ಟ್ ಬಳಿ ಹೋಗುವಾಗಲೂ.

ನಮ್ಮ ಬೀದಿಯ ತುದಿಯ ಒಂದು ಮನೆಯಲ್ಲಿ ಎಸ್ಟೇಟ್ ಸೇಲ್ ಇತ್ತು. ಮನೆಯ ಯಜಮಾನರು ಹೋದ ಮೇಲೆ ಒಳಗಿರುವುದಕ್ಕೆಲ್ಲ ಬೆಲೆ ಚೀಟಿ ಅಂಟಿಸಿ, ಬಂದವರಿಗೆ ಮಾರುವ ಇಲ್ಲಿನ ಪದ್ಧತಿ. ಹಿಂದಿನ ದಿನವೇ 'ಸರ್ವೇ' ಮಾಡಲೆಂದು ಅಂಕಲ್ ಆ ಮನೆಯ ಮುಂದೆ ನಾಲ್ಕು ಬಾರಿ ಹಾದು ಹೋದರು. ಎದುರು ಮನೆಯ ಡೋರ್‌ಬೆಲ್ ಕ್ಯಾಮೆರಾ ನಾಲ್ಕು ಬಾರಿಯೂ ಅವರನ್ನು ಹಿಡಿಯಿತು. ಸಂಜೆಯ ಹೊತ್ತಿಗೆ ನೆರೆಹೊರೆಯವರ ಗ್ರೂಪಿನಲ್ಲಿ ಅವರ ಫೋಟೋ, 'ಅನುಮಾನಾಸ್ಪದ ವ್ಯಕ್ತಿ, ಬ್ಲೇಜರ್ ಧರಿಸಿದ್ದಾನೆ' ಎಂಬ ಒಕ್ಕಣೆಯೊಂದಿಗೆ. ಇವರು ನಮ್ಮ ಬೀದಿಯವರೇ, ರಿಟೈರ್ಡ್, ಹಳೆಯ ಕುರ್ಚಿ ಮೇಜುಗಳೆಂದರೆ ಇಷ್ಟ, ದಯವಿಟ್ಟು ಯಾರೂ ಪೊಲೀಸರನ್ನು ಕರೆಯಬೇಡಿ ಎಂದು ಇಂಗ್ಲಿಷಿನಲ್ಲಿ ನಯವಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆಂಟಿ ಅಳುತ್ತಲೇ ಕೂಗಾಡಿದರು. "ಯಾರಾದ್ರೂ ಗನ್ ತಗೊಂಡು ಆಚೆ ಬಂದಿದ್ರೆ ಏನ್ರೀ ಗತಿ? ನಮ್ಮ ಬಣ್ಣ ಏನು, ಇದು ಯಾವ ಊರು, ಒಂಚೂರಾದ್ರೂ ಜ್ಞಾನ ಬೇಡ್ವಾ?" ಅಂಕಲ್ ಕನ್ನಡಕ ಒರೆಸಿಕೊಂಡು ಹೇಳಿದ್ದು: "ಆದ್ರೂ ನಾನು ಯಾರು ಅಂತ ಅವರಿಗೆ ಗೊತ್ತಾಗ್ಲಿಲ್ಲ ನೋಡು."

ಅವರಿಗೊಂದು ಸೂತ್ರವಿತ್ತು. ಬೇಕಾದ್ದನ್ನು ಕೇಳಬಾರದು, ಅದರ ಪಕ್ಕದಲ್ಲಿರುವುದನ್ನು ಕೇಳಬೇಕು. ಬೇಕಾದ್ದರ ಮೇಲೆ ಕಣ್ಣು ಬಿತ್ತೋ, ಮಾರುವವನು ಬೆಲೆ ಏರಿಸುತ್ತಾನೆ. ಆದ್ದರಿಂದ ಬೆಂಡೆಕಾಯಿ ಬೇಕಿದ್ದರೆ ಪಕ್ಕದ ಕುಂಬಳಕಾಯಿಯನ್ನು ಎತ್ತಿ, ತಟ್ಟಿ, ಮೂಸಿ, ಅದರ ಊರು ಕೇರಿ ವಿಚಾರಿಸಬೇಕು. ಬೆಂಡೆಕಾಯಿಯ ಬೆಲೆ ಅಲ್ಲಿಯೇ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ, ಯಾರೂ ಅದನ್ನು ಏರಿಸುವುದಿಲ್ಲ ಎಂದು ನಾನು ಎಷ್ಟು ಬಾರಿ ಹೇಳಿದರೂ ಪ್ರಯೋಜನವಿರಲಿಲ್ಲ. ಇನ್ನೂ ದೊಡ್ಡ ಕರ್ಮವೆಂದರೆ, ಪಕ್ಕದ್ದನ್ನು ಅಷ್ಟೆಲ್ಲ ವಿಚಾರಿಸಿದ ಮೇಲೆ ಅನುಮಾನ ಬಾರದಿರಲೆಂದು ಅದನ್ನು ಕೊಳ್ಳಲೇಬೇಕಾಗುತ್ತಿತ್ತು. ಸತ್ತವರ ಮನೆಯ ಸಾಮಾನು ಹೊಸ್ತಿಲು ದಾಟಬಾರದು ಎಂಬುದು ಆಂಟಿಯ ಕಟ್ಟಪ್ಪಣೆ. ಹಾಗಾಗಿ ಎಲ್ಲವೂ ನಮ್ಮ ಗರಾಜಿಗೆ ಬಂತು.

ಇಷ್ಟಾದರೂ ನಾನೇಕೆ ಅವರ ಹಿಂದೆ ತಿರುಗಿದೆ ಎಂದು ನೀವು ಕೇಳಬಹುದು. ನನ್ನದೊಂದು ಚೊಂಬು ಕಳೆದುಹೋಗಿತ್ತು.

ಅದು ನನ್ನ ಅಜ್ಜಿಯ ಹಿತ್ತಾಳೆ ಚೊಂಬು. ಅಜ್ಜಿಯ ಮದುವೆಗೆ ಅವಳ ಸೋದರಮಾವ ಕೊಟ್ಟದ್ದು. ಆಗಿನ ಪದ್ಧತಿಯಂತೆ ಕಂಠದ ಕೆಳಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅಕ್ಷರಗಳಿದ್ದವು: 'ಪುಟ್ಟಮ್ಮನ ಮದುವೆಗೆ ಸೋದರಮಾವನಿಂದ'. ಅಜ್ಜಿ ವರಮಹಾಲಕ್ಷ್ಮಿಗೆ ಅದರಲ್ಲೇ ಕಳಶ ಇಡುತ್ತಿದ್ದಳು, ಆಮೇಲೆ ಅಮ್ಮ. ಅಮ್ಮ ಅಮೆರಿಕಕ್ಕೆ ಬಂದಿದ್ದಾಗ ಅದನ್ನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ತಂದು ನನ್ನ ಕೈಗೆ ಕೊಟ್ಟು ಹೋದಳು. ಕೊರೋನಾದ ಎರಡನೆಯ ಅಲೆಯಲ್ಲಿ ಅಮ್ಮ ಹೋಗಿಬಿಟ್ಟಳು. ವಿಮಾನವಿಲ್ಲ, ಹೋದರೆ ವಾಪಸ್ ಬರಲು ವೀಸಾ ಸ್ಟಾಂಪಿಂಗ್ ಇಲ್ಲ. ಎಲ್ಲವನ್ನೂ ನಾನು ಅಟ್ಲಾಂಟಾ ಹತ್ತಿರದ ಜಾನ್ಸ್ ಕ್ರೀಕಿನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ನೋಡಿದೆ.

ಮರುತಿಂಗಳೇ ನಾವು ಅಲ್ಲಿಂದ ಶಾರ್ಲಟ್‌ಗೆ ಮನೆ ಬದಲಾಯಿಸಬೇಕಾಯಿತು. ಸಾಮಾನು ಸಾಗಿಸುವ ಮೂವರ್ಸ್ ಮೇಲೆ ನನಗೆ ನಂಬಿಕೆ ಇರಲಿಲ್ಲ. ಅಕ್ಕಿ ಡಬ್ಬದಲ್ಲಿ ಒಡವೆ ಅಡಗಿಸುವ ಮನೆಯಲ್ಲಿ ಬೆಳೆದವಳು ನಾನು. ಚೊಂಬನ್ನು ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಗ್ಯಾಸ್ಕೆಟ್ ಹೋದ ಹಳೆಯ ಕುಕ್ಕರಿನೊಳಗಿಟ್ಟು, ಮುಚ್ಚಳ ಹಾಕಿ, ಯಾರೂ ಮುಟ್ಟದಿರಲೆಂದು ಪೆಟ್ಟಿಗೆಯ ಮೇಲೆ 'ಕೆಟ್ಟ ಕುಕ್ಕರ್' ಎಂದು ಬರೆದೆ. ನನ್ನ ಗಂಡ ಅದನ್ನು ಓದಿ, ಕೆಟ್ಟ ಕುಕ್ಕರನ್ನು ಇನ್ನೂರೈವತ್ತು ಮೈಲಿ ಹೊತ್ತುಕೊಂಡು ಹೋಗುವುದೇಕೆಂದು ಹಳೇ ಸಾಮಾನು ಒಯ್ಯುವ ದಾನದ ಟ್ರಕ್ಕಿಗೆ ಹಾಕಿದರು. ಶಾರ್ಲಟ್‌ನಲ್ಲಿ ಹಬ್ಬದ ಹಿಂದಿನ ದಿನ ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚಿದ ಮೇಲೆ ನಮಗಿಬ್ಬರಿಗೂ ವಿಷಯ ತಿಳಿಯಿತು. ಅವರನ್ನು ಬಯ್ಯುವಂತಿರಲಿಲ್ಲ. ಬರೆದವಳು ನಾನೇ.

"ಬೆಳ್ಳಿದೇ ಹೊಸದು ತಗೊಳ್ಳೋಣ ಬಿಡು" ಎಂದರು ಗಂಡ. ಗೆಳತಿಯರು, "ಅಯ್ಯೋ ಪಾಪ" ಎಂದರು. ಆ ಚೊಂಬು ಹೋದದ್ದನ್ನು ಹೋದದ್ದು ಎಂದು ಒಪ್ಪದವರು ಅಂಕಲ್ ಒಬ್ಬರೇ. ನಾನು ಹೇಳಿ ಮುಗಿಸುವ ಹೊತ್ತಿಗೆ ಅವರ ಕಣ್ಣು ಹೊಳೆಯುತ್ತಿತ್ತು. "ಕೇಸ್ ನಂಗೆ ಬಿಡು" ಎಂದು ಎದ್ದು ನಿಂತು ಬ್ಲೇಜರಿನ ಗುಂಡಿ ಹಾಕಿಕೊಂಡರು. ಆ ಕ್ಷಣದಲ್ಲಿ ನಾನು ಅತ್ತುಬಿಟ್ಟೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಆಮೇಲಿನ ಒಂದು ವರ್ಷ ಅತ್ತದ್ದು ಬೇರೆ ಕಾರಣಕ್ಕೆ. ನಾರ್ತ್, ಸೌತ್ ಎರಡೂ ಕ್ಯಾರೊಲಿನಾಗಳಲ್ಲಿ, ಜಾರ್ಜಿಯಾದಲ್ಲಿ ನಾವು ನೋಡದ ಹಳೇ ಸಾಮಾನಿನ ಅಂಗಡಿ ಉಳಿಯಲಿಲ್ಲ. ಡ್ರೈವ್ ಮಾಡುವುದು ನಾನು. ಒಳಗೆ ಹೋಗಿ, 'ಇಂಥ ಒಂದು ಹಿತ್ತಾಳೆ ಚೊಂಬು ಬಂದಿದೆಯೇ' ಎಂದು ಕೇಳಿದರೆ ಒಂದು ನಿಮಿಷದ ಕೆಲಸ. ಅವರು ಬಿಡುತ್ತಿರಲಿಲ್ಲ. ಲ್ಯಾಂಪುಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಒಂದು ಲ್ಯಾಂಪು ಕೊಂಡು ಹೊರಗೆ ಬಂದು, "ಇಲ್ಲಿಲ್ಲ. ಆದ್ರೆ ಆ ಮನುಷ್ಯ ಏನೋ ಮುಚ್ಚಿಡ್ತಿದಾನೆ" ಎನ್ನುವರು. ಆ ಮನುಷ್ಯ ಮುಚ್ಚಿಡುತ್ತಿದ್ದದ್ದು ಆಕಳಿಕೆಯನ್ನು.

ಮರುವರ್ಷದ ಶರತ್ಕಾಲದಲ್ಲಿ ಜಾನ್ಸ್ ಕ್ರೀಕಿನಲ್ಲಿ ಒಂದು ಗೃಹಪ್ರವೇಶಕ್ಕೆ ನಾನು, ಅಂಕಲ್, ಆಂಟಿ ಮೂವರೂ ಒಂದೇ ಕಾರಿನಲ್ಲಿ ಹೊರಟೆವು. ಸೌತ್ ಕ್ಯಾರೊಲಿನಾ ಇನ್ನೂ ದಾಟಿರಲಿಲ್ಲ. ಹೈವೇ ಪಕ್ಕದ ಒಂದು ಹಳೆಯ ಹತ್ತಿ ಗಿರಣಿಯನ್ನು ಹೊಸದಾಗಿ ಆಂಟಿಕ್ ಮಾಲ್ ಮಾಡಿದ್ದರು. "ಐದೇ ನಿಮಿಷ" ಎಂದರು ಅಂಕಲ್. ಆಂಟಿ ಕಾರಿನಲ್ಲೇ ಉಳಿದರು. ಒಳಗೆ ಮೂರನೆಯ ಸಾಲಿನ ಗಾಜಿನ ಬೀರುವಿನಲ್ಲಿ, ಒಂದು ಪಿಂಗಾಣಿ ಟೀ ಡಬ್ಬದ ಪಕ್ಕದಲ್ಲಿ, ನನ್ನ ಅಜ್ಜಿಯ ಚೊಂಬು ಕೂತಿತ್ತು.

ಅಕ್ಷರಗಳು ಈ ಕಡೆಗೇ ಇದ್ದವು. ಚೀಟಿಯಲ್ಲಿ ನಲವತ್ತು ಡಾಲರ್ ಎಂದು ಬರೆದಿತ್ತು. ನಾನು ಗಾಜಿಗೆ ಕೈ ಇಡುವಷ್ಟರಲ್ಲಿ ಅಂಕಲ್ ನನ್ನ ಮಣಿಕಟ್ಟು ಹಿಡಿದರು.

"ಬೇಡ. ನೀನು ಆಚೆ ಹೋಗು. ನಿನ್ನ ಮುಖ ನೋಡಿದ್ರೆ ಎಲ್ಲ ಗೊತ್ತಾಗ್ಬಿಡತ್ತೆ."

"ಅಂಕಲ್, ನಲವತ್ತು ಡಾಲರ್ ಅಷ್ಟೇ. ಕೊಟ್ಟು ತಗೊಂಡು ಹೋಗೋಣ."

"ನನ್ನ ಮೇಲೆ ನಂಬಿಕೆ ಇದೆಯೋ ಇಲ್ವೋ?"

ಇಲ್ಲ ಎನ್ನಬೇಕಿತ್ತು. ನಾನು ಹೊರಗೆ ಹೋಗಿ ಕಾರಿನ ಬಾನೆಟ್ಟಿಗೆ ಒರಗಿ ನಿಂತೆ. ಯಾಕೆ ಹೋದೆ ಎಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ಒಂದು ವರ್ಷ ಹುಡುಕಿದವರು, ಕೊನೆಯ ಆಟ ಅವರೇ ಆಡಲಿ ಎಂದು ಅನಿಸಿರಬೇಕು.

ಇಪ್ಪತ್ತು ನಿಮಿಷದ ಮೇಲೆ ಅಂಕಲ್ ಬರಿಗೈಯಲ್ಲಿ ಬಂದರು. ಮುಖ ಮಾತ್ರ ಮದುವೆ ಗಂಡಿನ ಹಾಗೆ ಬೆಳಗುತ್ತಿತ್ತು. ನಡೆದದ್ದು ಹೀಗೆ. ಅಂಕಲ್ ಸೂತ್ರದ ಪ್ರಕಾರ ಪಕ್ಕದ ಟೀ ಡಬ್ಬವನ್ನು ತೆಗೆಸಿದ್ದಾರೆ. ಜೇಬಿನಿಂದ ಭೂತಗನ್ನಡಿ ತೆಗೆದು, ಅದರ ತಳ ನೋಡಿ, ಇಂಗ್ಲೆಂಡಿನ ಯಾವ ಕಾಲದ್ದು ಎಂದು ಏನೋ ಹೇಳಿದ್ದಾರೆ. ಅಂಗಡಿಯ ಒಡತಿ ಬಿಳಿ ಕೂದಲಿನ ಹೆಂಗಸು. ಆಕೆ ಬೆರಗಾಗಿ, "ಸರ್, ನೀವು ಈ ವ್ಯಾಪಾರದವರಾ?" ಎಂದು ಕೇಳಿದ್ದಾಳೆ. "ಲಂಡನ್ನಿನಲ್ಲಿ" ಎಂದಿದ್ದಾರೆ ಅಂಕಲ್. ಆಗ ಆಕೆ ತಾನಾಗಿಯೇ ಚೊಂಬನ್ನು ಹೊರತೆಗೆದು ಅವರ ಕೈಗೆ ಕೊಟ್ಟು, "ಹಾಗಾದರೆ ಇದನ್ನು ಹೇಳಿ ಸರ್. ಇದರ ಮೇಲೆ ಏನೋ ಬರೆದಿದೆ, ಯಾರಿಗೂ ಓದಲು ಬಂದಿಲ್ಲ" ಎಂದಿದ್ದಾಳೆ.

ಅಂಕಲ್ ಹೇಳಿದ್ದಾರೆ: ದೇವಸ್ಥಾನದ ಪಾತ್ರೆ. ಮುನ್ನೂರು ವರ್ಷ ಹಳೆಯದು. ಶಾಸನ ಅದು. ಬಹಳ ಅಪರೂಪ.

"ಯಾಕೆ?" ಎಂದೆ.

"ನನ್ನನ್ನ ಸರ್ ಅಂದ್ಲಮ್ಮ. ಕೂರೋಕೆ ಕುರ್ಚಿ ಹಾಕಿ ಕೇಳಿದ್ಲು."

"ನಿಮಗೆ ಓದೋಕೆ ಬಂತಲ್ವಾ?"

"ಬಂತು."

"ಏನು ಬರೆದಿತ್ತು?"

ಅವರ ಮುಖದ ಬೆಳಕು ಆಗ ಇಳಿಯತೊಡಗಿತು.

ನಾನು ಒಳಗೆ ಓಡಿದೆ. ಚೊಂಬು ಬೀರುವಿನಲ್ಲಿರಲಿಲ್ಲ. ಆಕೆ ಅದನ್ನು ಕೌಂಟರಿನ ಹಿಂದೆ ಬಟ್ಟೆಯ ಮೇಲಿಟ್ಟು ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದಳು. ಅದು ಮಾರಾಟಕ್ಕಿಲ್ಲ, ಅಟ್ಲಾಂಟಾದ ಹರಾಜಿನವರಿಗೆ ಫೋಟೋ ಕಳಿಸುತ್ತೇನೆ ಎಂದಳು. ಇದು ನನ್ನ ಅಜ್ಜಿಯದು, ಬರೆದಿರುವುದು ಅವಳ ಹೆಸರು ಎಂದೆ. ಆಕೆ ಕೆಟ್ಟವಳಲ್ಲ. ನನ್ನ ಕಣ್ಣೀರು ನೋಡಿ ಟಿಶ್ಯೂ ಕೊಟ್ಟಳು. ಆದರೆ, "ಮಗೂ, ಈಗಷ್ಟೇ ಒಬ್ಬರು ತಿಳಿದವರು ಬಂದು ನೋಡಿ ಹೇಳಿದ್ದಾರೆ" ಎಂದಳು. ಅವರು ನನ್ನ ಜೊತೆಗೇ ಬಂದವರು ಎಂದೆ. ಆಕೆಯ ಮುಖ ಗಂಭೀರವಾಯಿತು. "ಹಾಗಿದ್ದರೆ ಅವರೇಕೆ ನಿನ್ನ ಅಜ್ಜಿಯದು ಎಂದು ಹೇಳಲಿಲ್ಲ?"

ನಾನು ಟಿಶ್ಯೂವನ್ನು ಕೌಂಟರಿನ ಮೇಲಿಟ್ಟು ಹೊರಗೆ ಬಂದೆ.

ಜಾನ್ಸ್ ಕ್ರೀಕ್ ಮುಟ್ಟಿದೆವು. ಗೃಹಪ್ರವೇಶದಲ್ಲಿ ಹೋಳಿಗೆ ಊಟ. ಅಂಕಲ್ ಬ್ಲೇಜರಿನಲ್ಲಿ ಒಂದು ಮೂಲೆಯಲ್ಲಿ ಕೂತಿದ್ದರು. ಯಾರೋ ಬಂದು ಲಂಡನ್ ವಿಷಯ ತೆಗೆದಾಗ ಪಾಯಸದೊಳಗೆ ನೋಡಿ ನಗಲಿಲ್ಲ. ಸಂಜೆ ನಾನು ಅವರನ್ನು ಹಿತ್ತಲಿನ ಮರದ ಡೆಕ್ಕಿಗೆ ಕರೆದುಕೊಂಡು ಹೋಗಿ ನೇರವಾಗಿ ಹೇಳಿದೆ. "ನಾಳೆ ವಾಪಸ್ ಹೋಗ್ತಾ ಅಲ್ಲಿ ನಿಲ್ಲಿಸ್ತೀನಿ. ನೀವು ಹೋಗಿ ನಿಜ ಹೇಳ್ಬೇಕು. ನೀವು ಎಕ್ಸ್‌ಪರ್ಟ್ ಅಲ್ಲ, ಅದು ಶಾಸನ ಅಲ್ಲ ಅಂತ. ಇಲ್ಲಾಂದ್ರೆ ನಮ್ಮನೆಗೆ ಬರ್ಲೇಬೇಡಿ ಅಂಕಲ್." ಹಿರಿಯರೊಬ್ಬರಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ತಲೆ ಅಲ್ಲಾಡಿಸಿದರು. ಹೂಂ ಎಂದೋ ಉಹೂಂ ಎಂದೋ ಗೊತ್ತಾಗಲಿಲ್ಲ.

ಮರುದಿನ ಆಂಟಿ ಹಿಂದಿನ ಸೀಟಿನಲ್ಲಿ ಮಲಗಿದ್ದರು. ಹೈವೇಯಲ್ಲಿ ಆ ಅಂಗಡಿಗೆ ತಿರುಗುವ ಎಕ್ಸಿಟ್ ಬಂದಾಗ ನಾನು ಕೇಳುವ ಮೊದಲೇ ಅಂಕಲ್, "ತಿರುಗಿಸು" ಎಂದರು. ಕಾರನ್ನು ಬಾಗಿಲ ಎದುರಿಗೇ ನಿಲ್ಲಿಸಲು ಹೇಳಿದರು. ಜೇಬಿನ ರೇಷ್ಮೆ ಕರ್ಚೀಫನ್ನು ತೆಗೆದು ಡ್ಯಾಶ್‌ಬೋರ್ಡಿನ ಮೇಲಿಟ್ಟು ಇಳಿದರು.

ಒಡತಿ ಅವರನ್ನು ನೋಡಿ ಸಂಭ್ರಮದಿಂದ ಎದ್ದು, "ಸರ್, ಬನ್ನಿ" ಎಂದು ಕುರ್ಚಿ ಎಳೆದಳು. ಅಂಕಲ್ ಕೂರಲಿಲ್ಲ. ಆ ಬ್ರಿಟಿಷ್ ರಾಗವಿಲ್ಲದೆ, ಮೈಸೂರಿನ ಇಂಗ್ಲಿಷಿನಲ್ಲಿ ಹೇಳತೊಡಗಿದರು: ನಾನು ವ್ಯಾಪಾರಿಯಲ್ಲ. ಲಂಡನ್ನಿನಲ್ಲಿ ನಾಲ್ಕು ವರ್ಷ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದೆ. ರೂಮು ಹುಡುಕಿಕೊಂಡು ಹೋದರೆ ಬಾಗಿಲು ತೆರೆದು, ನನ್ನ ಮುಖ ನೋಡಿ ಮುಚ್ಚುತ್ತಿದ್ದರು. ಕೊನೆಗೆ ಒಬ್ಬಾಕೆ ರೂಮು ಕೊಟ್ಟಳು. ವಾರಕ್ಕೊಂದು ಸಂಜೆ ಆಕೆ ತನ್ನ ಮುಂದಿನ ಕೋಣೆಯ ಟೀವಿ ನೋಡಲು ಬಿಡುತ್ತಿದ್ದಳು. ಅದರಲ್ಲಿ ಒಬ್ಬ ಆಂಟಿಕ್ ವ್ಯಾಪಾರಿ ಬರುತ್ತಿದ್ದ. ಅವನು ಯಾವ ಮನೆಗೆ ಹೋಗಿ ಬೆಲ್ ಒತ್ತಿದರೂ ಬಾಗಿಲು ತೆರೆಯುತ್ತಿದ್ದರು, ಒಳಗೆ ಕರೆದು ಕೂರಿಸುತ್ತಿದ್ದರು. ಇಲ್ಲಿ ಯಾಕೆ ಬಂದೆ ಎಂದು ಅವನನ್ನು ಯಾರೂ ಕೇಳುತ್ತಿರಲಿಲ್ಲ. ಅಷ್ಟೇ ನನಗೆ ಗೊತ್ತಿರುವ ಆಂಟಿಕ್ ವ್ಯಾಪಾರ.

ಒಡತಿ ನನ್ನನ್ನೊಮ್ಮೆ ಅವರನ್ನೊಮ್ಮೆ ನೋಡಿದಳು. ಚೊಂಬನ್ನು ತಂದು ಕೌಂಟರಿನ ಮೇಲಿಟ್ಟು, "ಹಾಗಾದರೆ ಇದರಲ್ಲಿ ಏನು ಬರೆದಿದೆ?" ಎಂದಳು. ಅಂಕಲ್ ಚುಕ್ಕಿಗಳ ಮೇಲೆ ಬೆರಳಾಡಿಸುತ್ತಾ ಓದಿದರು. "ಪುಟ್ಟಮ್ಮನ ಮದುವೆಗೆ ಸೋದರಮಾವನಿಂದ." ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು.

"ಇಷ್ಟೇನಾ?"

"ಇಷ್ಟೇ."

ಆಕೆ ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆಂದು ನಾನು ಕಾದೆ. ಆಕೆ ಹೇಳಲಿಲ್ಲ. ಹರಾಜಿನವರಿಗೆ ಆಗಲೇ ಬರೆದಿದ್ದಳಂತೆ, ಈಗ ಅವರಿಗೆ ಏನು ಹೇಳಲಿ ಎಂದಳು. ನನ್ನಿಂದ ಹಳೆಯ ಚೀಟಿಯ ಬೆಲೆಯನ್ನೇ ತೆಗೆದುಕೊಂಡಳು, ಚೊಂಬನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ನಾವು ಹೊರಡುವವರೆಗೂ ಅವರತ್ತ ತಿರುಗಲಿಲ್ಲ. ಅವರನ್ನು ಸರ್ ಎನ್ನಲಿಲ್ಲ. ಎಳೆದಿದ್ದ ಕುರ್ಚಿಯನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದಳು.

ಶಾರ್ಲಟ್‌ವರೆಗೂ ಚೊಂಬನ್ನು ಅಂಕಲ್ ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಸಿಕ್ತಲ್ಲ, ಬಿಡಮ್ಮ" ಎಂದರು ಒಮ್ಮೆ. ನಾನು ಆಗ ಏನಾದರೂ ಹೇಳಬಹುದಿತ್ತು. ಹೇಳಿದ್ದೇನೆಂದರೆ, "ಮೊದ್ಲೇ ನಿಜ ಹೇಳಿದ್ರೆ ಐದು ನಿಮಿಷದ ಕೆಲಸ ಆಗಿತ್ತು ಅಂಕಲ್." ಹೇಳಿದ್ದು ಸರಿಯೇ. ಆದರೂ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ.

ಆಮೇಲೆ ಅವರು ನಾನು ಬಯಸಿದ ಹಾಗೆಯೇ ಆದರು. ಬ್ಲೇಜರ್ ಬಿಟ್ಟು ಸಾದಾ ಸ್ವೆಟರ್ ಹಾಕಿಕೊಂಡರು. ಕಾರನ್ನು ಅಂಗಡಿಯ ಮುಂದೆಯೇ ನಿಲ್ಲಿಸಿದರು. ಶನಿವಾರದ ಸೀರಿಯಲ್ ನಿಂತಿತು. ಎಸ್ಟೇಟ್ ಸೇಲಿನ ಬೋರ್ಡು ಕಂಡರೆ ಆ ಬೀದಿಗೇ ತಿರುಗುತ್ತಿರಲಿಲ್ಲ. ಒಂದು ದಿನ ಫೋನು ಬಂತು. ತಮ್ಮ ಹೆಸರು ಹೇಳಿದರು, ಆಮೇಲೆ, "ಕರಿಬೇವು ಇದ್ರೆ ಸ್ವಲ್ಪ ಕೊಡ್ತೀಯಾಮ್ಮ?" ಎಂದರು. ನನಗೆ ತಡೆಯಲಾಗಲಿಲ್ಲ.

"ಲೈನ್ ಸೇಫಾ ಅಂಕಲ್?" ಎಂದು ನಾನೇ ಕೇಳಿದೆ.

ಅವರು ನಕ್ಕರು. "ಸೇಫಾಗೇ ಇದೆಯಮ್ಮ. ನಮ್ಮ ಮಾತು ಯಾರು ಕೇಳ್ತಾರೆ."

ಫೋನು ಇಟ್ಟು ನಾನು ಒಂದು ದೊಡ್ಡ ಹಿಡಿ ಕರಿಬೇವು ಕಿತ್ತು ಅವರ ಮನೆಗೆ ಕೊಟ್ಟುಬಂದೆ. ಎರಡು ಹಬ್ಬಗಳಿಗೆ ಅಜ್ಜಿಯ ಚೊಂಬಿನಲ್ಲೇ ಕಳಶ ಇಟ್ಟೆ. ಎರಡು ಸಲವೂ ಅಂಕಲ್ ಆಂಟಿಯೊಂದಿಗೆ ಬಂದು, ಕಳಶಕ್ಕೆ ಕೈ ಮುಗಿದು, ಅಕ್ಷರಗಳತ್ತ ನೋಡದೆ ಊಟಕ್ಕೆ ಕೂತರು. ಬಡಿಸುವಾಗ ನಾನು ಬೇಕೆಂದೇ ಅವರಿಗೆ ಎರಡು ಸಲ 'ಸರ್' ಎಂದು ತಮಾಷೆ ಮಾಡಿದೆ. ಅದು ಅವರನ್ನು ನಗಿಸಲಿಲ್ಲ. ಇಂಥ ಒಬ್ಬ ಮನುಷ್ಯನಿಂದ ಎಷ್ಟು ಕಾಟ ಎಂದು ವರ್ಷವಿಡೀ ಗೊಣಗಿದವಳಿಗೆ ಆ ಕಾಟ ಹೋದದ್ದು ತಡೆಯಲಾಗಲಿಲ್ಲ, ಹೀಗೂ ಉಂಟೇ.

ಹೋದ ತಿಂಗಳು ಒಂದು ಬೆಳಗ್ಗೆ ಸೋಫಾದಲ್ಲಿ ಕೂತಲ್ಲೇ ಹೋದರು. ಕ್ರಿಯಾಕರ್ಮಗಳೆಲ್ಲ ಮುಗಿದ ಮೇಲೆ ಅವರ ಮಗ ಅಡುಗೆಮನೆಯ ಮೇಜಿನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಮೇರಿಲ್ಯಾಂಡಿನಲ್ಲೇ ಹುಟ್ಟಿ ಬೆಳೆದವನು, ನಲವತ್ತು ದಾಟಿದೆ. ನಮ್ಮ ಜನರ ಗ್ರೂಪಿಗೆ ಕಳಿಸಲು ತಂದೆಯ ಬಗ್ಗೆ ನಾಲ್ಕು ಸಾಲು ಬರೆಯುತ್ತಿದ್ದ. ಆಂಟಿ ಸಿಂಕಿನ ಬಳಿ ಲೋಟ ತೊಳೆಯುತ್ತಿದ್ದರು.

"ಅಕ್ಕಾ, ಒಂದು ಕೇಳಲಾ?" ಎಂದ ನನಗೆ. "ಅಪ್ಪ ಲಂಡನ್‌ನಲ್ಲಿ ಆಂಟಿಕ್ ಶಾಪ್ ಇತ್ತು ಅಂತ ಹೇಳ್ತಿದ್ರು. ಇಂಡಿಯಾದಿಂದ ಚಿಕ್ಕಪ್ಪ ಫೋನ್ ಮಾಡಿ, ನೋ, ಬಸ್ ಡಿಪೋ ಅಂತಾರೆ. ಐ ಡೋಂಟ್ ನೋ. ನೀವು ಅವರ ಜೊತೆ ಎಲ್ಲಾ ಕಡೆ ಹೋಗಿದ್ರಿ. ಏನು ಬರೀಲಿ?"

ಸಿಂಕಿನ ನೀರು ನಿಂತಿತು. ಆಂಟಿ ತಿರುಗಲಿಲ್ಲ. ಕೈಯಲ್ಲಿ ಲೋಟ ಹಿಡಿದು ಹಾಗೆಯೇ ನಿಂತರು. ಹೈವೇಯಲ್ಲಿ ಆ ದಿನ ಅವರು ಹಿಂದಿನ ಸೀಟಿನಲ್ಲಿ ನಿಜವಾಗಿ ಮಲಗಿದ್ದರೋ, ನಮ್ಮ ಮಾತು ಕೇಳಿಸಿಕೊಂಡಿದ್ದರೋ ನನಗೆ ಗೊತ್ತಿಲ್ಲ, ನಾನು ಕೇಳುವುದೂ ಇಲ್ಲ.

"ಆಂಟಿಕ್ ವ್ಯಾಪಾರ ಅಂತಲೇ ಬರಿಯಪ್ಪ" ಎಂದೆ.

"ಆರ್ ಯು ಶೂರ್?"

"ನಾನೇ ಕಣ್ಣಾರೆ ನೋಡಿದೀನಿ. ಸೌತ್ ಕ್ಯಾರೊಲಿನಾದಲ್ಲಿ ಒಂದು ದೊಡ್ಡ ಆಂಟಿಕ್ ಮಾಲ್. ಅದರ ಓನರ್ ಎದ್ದು ನಿಂತು, ಸರ್ ಅಂತ ಕರೆದು, ಕುರ್ಚಿ ಎಳೆದು ಕೊಟ್ಟು, ಇದರಲ್ಲಿ ಏನು ಬರೆದಿದೆ ಅಂತ ನಿಮ್ಮ ಅಪ್ಪನ್ನ ಕೇಳಿದ್ಲು."

ಅವನ ಕಣ್ಣು ತುಂಬಿತು. "ವಾವ್" ಎಂದು ಟೈಪ್ ಮಾಡತೊಡಗಿದ. ಸಿಂಕಿನಲ್ಲಿ ನೀರು ಮತ್ತೆ ಹರಿಯಿತು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಿಜ ಹೇಳಿ ನಿಜ ಹೇಳಿ ಎಂದು ಅವರ ಪ್ರಾಣ ತಿಂದವಳ ಬಾಯಲ್ಲಿ ಕೊನೆಗೂ ಹೀಗೆ ಪಕ್ಕದ್ದನ್ನು ಆಡಿಸಿಬಿಟ್ಟರಲ್ಲ ಎಂದು ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದ್ದು ಆಚೆ ಹೋಗಿ ಅತ್ತೆ.